ನಾನು ತೊಳೆದಿಟ್ಟ ಕಪ್ಪಿನ ವಿಚಾರ

ಆಧುನಿಕ ಯೂರೋಪಿಯನ್ ಭಾಷೆ ಮತ್ತು ಸಂಸ್ಕೃತಿಗಳ ಎಂ.ಎ. ತರಗತಿಯ ಆಯ್ಕೆ ಸಮಿತಿ ಅಧ್ಯಕ್ಷರಿಗೆ

ಮಾನ್ಯರೇ,

ಕುಡಿದ ಕಪ್ಪನ್ನು ತೊಳೆದಿಟ್ಟ ಅಪರಾಧಕ್ಕಾಗಿ ಎಂ.ಎ. ಸೀಟು ಕಳೆದುಕೊಂಡವಳು ಈ ರಾಜ್ಯದಲ್ಲಿ ನಾನೊಬ್ಬಳೇ ಇರಬೇಕು. ಲಿಖಿತ ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂದಿದೆ ಎಂದು ನೀವೇ ಎಲ್ಲರೆದುರು ಹೇಳಿದಿರಿ. ಸಂದರ್ಶನದಲ್ಲಿ ನನ್ನ ಫ್ರೆಂಚ್ ಕೇಳಿ ತಲೆದೂಗಿದಿರಿ. ಆಮೇಲೆ ಯೂರೋಪಿಯನ್ ಸಂಸ್ಕೃತಿಯ ಹಿನ್ನೆಲೆ ಸಾಲದು ಎಂಬ ಒಂದು ಮಾತಿನಲ್ಲಿ ನನ್ನನ್ನು ಮನೆಗೆ ಕಳಿಸಿದಿರಿ. ನಿಮ್ಮ ಕೊಠಡಿಗೆ ಬಂದು ಕೇಳಿದ್ದೂ ಆಯಿತು, ನೀವು ಹೇಳಿದ್ದೂ ಆಯಿತು. ಇನ್ನು ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ. ಹಾಕಿದರೆ ದೋಷವನ್ನೆಲ್ಲ ನಿಮ್ಮ ತಲೆಗೆ ಕಟ್ಟಿ ಉಳಿದ ಮೂವರು ಸದಸ್ಯರು ಕೈತೊಳೆದುಕೊಂಡಾರು. ಆ ದಿನ ಆ ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಇದರಲ್ಲಿ ಪಾಲಿದೆ.

ನಾನು ಯಾರೆಂದು ಓದುಗರಿಗೂ ತಿಳಿಯಬೇಕಲ್ಲ. ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್ ಆಗಿರುವ ಕೋನಪ್ಪನವರ ಮಗಳು. ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ, ಹೈಸ್ಕೂಲಿನಲ್ಲಿ ಇಂಗ್ಲಿಷು. ಸಂಸ್ಕೃತ ಕಲಿಯುವ ಆಸೆಯೂ ಇತ್ತು. ಹೈಸ್ಕೂಲಿನ ಪಂಡಿತರು ಬೈಯಲಿಲ್ಲ, ಗದರಲಿಲ್ಲ. ಅದೆಲ್ಲ ನಿನ್ನ ಬಾಯಿಗೆ ಒಗ್ಗಲ್ಲ ಎಂದು ಹೇಳಿ ಬಾಗಿಲ ಹತ್ತಿರದ ಬೆಂಚು ತೋರಿಸಿದರು. ಆ ಬೆಂಚಿನಿಂದ ಎದ್ದು ಬಂದವಳು ಬೆಂಗಳೂರಿನ ಕಾಲೇಜಿನಲ್ಲಿ ಫ್ರೆಂಚ್ ತಗೊಂಡೆ. ಮೊದಲ ದಿನ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು ಕೇಳಿದರು. ಹೆಸರು ಹೇಳಿದೆ, ಕೂತ್ಕೋ ಎಂದರು. ಹೆಸರಾದ ಮೇಲೆ ಬರುವ ಎರಡನೆಯ ಪ್ರಶ್ನೆಗೆ ಕಾದು ನಿಂತೇ ಇದ್ದೆ. ಅದು ಬರಲಿಲ್ಲ. ಆ ಭಾಷೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿ, ಮಾನ್ಯರೇ, ಪ್ಯಾರಿಸಿನ ಚಿತ್ರಪಟ ನೋಡಿ ಅಲ್ಲ. ರಜಕ್ಕೆ ಊರಿಗೆ ಬಂದಾಗ ಕ್ವಾರ್ಟರ್ಸಿನ ಮುಂದೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ನನ್ನ ತಾಯಿ ಕೊಂಡಮ್ಮ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಕೇಳಿ ನೀರು ತಂದಿಡುತ್ತಿದ್ದಳು. ಎಂ.ಎ. ಮಾಡಿ ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳಬೇಕು, ಮೊದಲ ದಿನ ಬರೀ ಹೆಸರು ಕೇಳಿ ಕೂರಿಸಬೇಕು ಎಂಬುದು ನನ್ನ ಆಸೆಯಾಗಿತ್ತು.

ಸಂದರ್ಶನ ಮುಗಿದ ಮೇಲೆ ಅಭ್ಯರ್ಥಿಗಳನ್ನೆಲ್ಲ ಕಾಫಿಗೆ ಕರೆದಿರಿ. ಇದು ಪರೀಕ್ಷೆಯಲ್ಲ, ಸುಮ್ಮನೆ ನಾಲ್ಕು ಮಾತು ಎಂದಿರಿ. ಬಿಳಿ ಬಟ್ಟೆ ಹಾಸಿದ ಮೇಜು, ಪಿಂಗಾಣಿ ಕಪ್ಪು, ಸಾಸರು, ತಟ್ಟೆಯಲ್ಲಿ ಉಪ್ಪಿಟ್ಟು, ಪಕ್ಕದಲ್ಲಿ ಫೋರ್ಕು. ಉಪ್ಪಿಟ್ಟನ್ನು ಫೋರ್ಕಿನಲ್ಲಿ ತಿನ್ನುವ ಯೂರೋಪು ಯಾವ ದಿಕ್ಕಿನಲ್ಲಿದೆಯೋ ಕಾಣೆ, ಆದರೂ ಚೆಲ್ಲದೆ ತಿಂದೆ. ವಿದೇಶಕ್ಕೆ ಹೋಗಿಬಂದ ಸದಸ್ಯರೊಬ್ಬರು ಫ್ರೆಂಚರ ಊಟದ ಕ್ರಮ ಕೇಳಿದರು. ಓದಿದ್ದನ್ನು ಹೇಳಿದೆ, ಮೆಚ್ಚಿದರು. ಅದೇ ಸದಸ್ಯರು ಕಾಫಿಯನ್ನು ಸಾಸರಿಗೆ ಸುರಿದು, ಊದಿ, ಸೊರ್ರನೆ ಹೀರಿದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ನಮ್ಮೂರಲ್ಲೂ ಬಿಸಿ ಕಾಫಿ ಕುಡಿಯುವುದು ಹಾಗೆಯೇ. ಮಾತು ಮುಗಿದು ಎಲ್ಲರೂ ಎದ್ದರು. ನಾನೂ ಎದ್ದು, ನನ್ನ ಕಪ್ಪು ಸಾಸರು ತಗೊಂಡು ವರಾಂಡದ ನಲ್ಲಿಗೆ ಹೋಗಿ, ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ ಬಂದೆ.

ನಂಬಿ, ಮಾಡುವಾಗ ನನಗೆ ಅದರ ಮೇಲೆ ಗಮನವೇ ಇರಲಿಲ್ಲ. ನಮ್ಮ ಸ್ಟೇಷನ್ನಿನ ಎದುರಿನ ಕಾಫಿ ಹೋಟೆಲಿನ ಹೊರಗೋಡೆಯಲ್ಲಿ ಒಂದು ಗೂಡಿದೆ. ನಮ್ಮ ಕೇರಿಯವರ ಲೋಟಗಳು ಅಲ್ಲಿರುತ್ತವೆ. ನಾವೇ ತಗೊಳ್ಳಬೇಕು, ಕಾಫಿಯನ್ನು ಮೇಲಿಂದ ಹೊಯ್ಯುತ್ತಾರೆ, ಹೊರಗೇ ಕುಡಿದು, ನಾವೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಬರಬೇಕು. ಒಳಗೆ ಕೂತವರ ಲೋಟ ತೊಳೆಯಲು ಆಳಿದ್ದಾನೆ. ಅಸ್ಪೃಶ್ಯತೆ ಅಪರಾಧ ಎಂದು ಕಾನೂನು ಬಂದು ಎಷ್ಟೋ ವರ್ಷವಾಯಿತು. ಅದು ಪ್ಯಾಸೆಂಜರ್ ಗಾಡಿ ಹತ್ತಿ ಬರುತ್ತಿದೆಯೋ ಏನೋ, ತೊಂಡೇಬಾವಿಯಲ್ಲಿ ಇನ್ನೂ ಇಳಿದಿಲ್ಲ. ಅಪ್ಪನ ಬೆರಳು ಹಿಡಿದು ಮೊದಲ ಸಲ ಆ ಹೋಟೆಲಿಗೆ ಹೋದಾಗಲೇ ಅವರು ತೊಳೆಯುವುದನ್ನು ಕಲಿಸಿಕೊಟ್ಟರು. ಇತರ ಮಕ್ಕಳಿಗೆ ದೊಡ್ಡವರಿಗೆ ನಮಸ್ಕಾರ ಮಾಡುವುದನ್ನು ಕಲಿಸುವಂತೆ. ಬೆಂಗಳೂರಿನ ನಮ್ಮ ಹಾಸ್ಟೆಲಿನಲ್ಲೂ ಅವರವರ ತಟ್ಟೆ ಅವರವರೇ ತೊಳೆಯುವುದು ನಿಯಮ. ಹೀಗಾಗಿ ಆ ಅಭ್ಯಾಸ ತಪ್ಪಲು ಅವಕಾಶವೇ ಸಿಗಲಿಲ್ಲ. ದೊಡ್ಡವರೆದುರು ಕುಡಿದೆ, ಎದ್ದೆ, ಕೈ ತಾನಾಗಿ ನಲ್ಲಿಯತ್ತ ಹೋಯಿತು.

ತಿರುಗಿ ನೋಡಿದರೆ ನೀವೆಲ್ಲ ಆ ಕಪ್ಪನ್ನೇ ನೋಡುತ್ತಿದ್ದಿರಿ. ನನ್ನ ಹೆಸರಿನಲ್ಲಿ ಜಾತಿ ಇರಲಿಲ್ಲ, ಅರ್ಜಿಯಲ್ಲಿ ಅದನ್ನು ಕೇಳಿರಲಿಲ್ಲ, ತಂದೆ ರೈಲ್ವೆ ನೌಕರ ಎಂದಷ್ಟೇ ಬರೆದಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರಲ್ಲ, ಹಾಗೆ ಆ ಬೋರಲು ಕಪ್ಪು ಎಲ್ಲವನ್ನೂ ಹೇಳಿಬಿಟ್ಟಿತು. ಗುಟ್ಟೆಂದು ನಾನು ಮುಚ್ಚಿಟ್ಟಿರಲಿಲ್ಲ, ಕೇಳಿದ್ದರೆ ಅರ್ಜಿಯಲ್ಲೇ ಬರೆಯುತ್ತಿದ್ದೆ. ನೀವು ಕನ್ನಡಕ ಸರಿಮಾಡಿಕೊಂಡು ಕೇಳಿದಿರಿ.

“ನೀನು ಯಾವ ಪೈಕಿ ಅಮ್ಮ?”

ಅಲ್ಲಿಯವರೆಗೆ ಸಂದರ್ಶನದ ಉದ್ದಕ್ಕೂ ನನ್ನನ್ನು ನೀವು, ತಾವು ಎನ್ನುತ್ತಿದ್ದಿರಿ. ಒಂದು ಕಪ್ಪು ತೊಳೆದು ಬರುವಷ್ಟರಲ್ಲಿ ನಾನು ‘ನೀನು’ ಆಗಿದ್ದೆ. ಯಾವ ಪೈಕಿ ಎಂದು ಹೇಳಿದೆ. ಸಾಸರಿನಲ್ಲಿ ಕಾಫಿ ಹೀರಿದ ಸದಸ್ಯರು ಪಕ್ಕದವರಿಗೆ ಮೆಲ್ಲಗೆ, ಹುಟ್ಟುಗುಣ ಸುಟ್ಟರೂ ಹೋಗದು ಎಂದರು. ಮೆಲ್ಲಗೆ ಎಂದರೆ ನನಗೆ ಕೇಳುವಷ್ಟು. ಆ ಗುಣದೊಂದಿಗೆ ನಾನು ಹುಟ್ಟಲಿಲ್ಲ, ಸ್ವಾಮಿ. ಅದನ್ನು ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿ ಕಲಿಸಿದ್ದಾರೆ, ಮತ್ತು ಬಹಳ ಚೆನ್ನಾಗಿ ಕಲಿಸಿದ್ದಾರೆ.

ಆಯ್ಕೆಯಾದವರಲ್ಲಿ ನನ್ನ ಹೆಸರಿಲ್ಲ ಎಂದು ತಿಳಿದ ಮೇಲೆ ನಿಮ್ಮನ್ನು ಕಾಣಲು ಮತ್ತೆ ಬಂದೆ. ಸೌಜನ್ಯವಾಗಿಯೇ ಮಾತಾಡಿದಿರಿ, ಕೂತುಕೋ ಎಂದು ಮಾತ್ರ ಹೇಳಲಿಲ್ಲ. ನಿಮ್ಮ ಮಾತನ್ನು ಕೂಡಿಸದೆ ಕಳೆಯದೆ ಇಲ್ಲಿ ಬರೆಯುತ್ತೇನೆ: “ಭಾಷೆ ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಸಂಸ್ಕೃತಿ ಅಂತ ಒಂದಿದೆಯಲ್ಲಮ್ಮ. ಅತಿಥಿಯಾಗಿ ಕೂತವರು ಎದ್ದು ಕಪ್ಪು ತೊಳೆಯೋದು ಯೂರೋಪಿನಲ್ಲಿ ಎಲ್ಲಾದರೂ ಉಂಟೇ? ನಾಳೆ ಅಲ್ಲಿಂದ ಪ್ರೊಫೆಸರುಗಳು ಬಂದಾಗ ನಮ್ಮ ಮರ್ಯಾದೆ ಏನಾಗಬೇಕು?” ಆಮೇಲೆ, ನಿನ್ನಂಥವರಿಗೆ ಸರ್ಕಾರ ಬಿ.ಎಡ್.ಗೆ ಅನುಕೂಲ ಮಾಡಿದೆ, ಅದನ್ನು ನೋಡಿಕೋ ಎಂಬ ಹಿತವಚನವೂ ಬಂತು. ಹೊರಗೆ ಬಂದರೆ ವರಾಂಡದ ಕಿಟಕಿ ಕಟ್ಟೆಯ ಮೇಲೆ ನನ್ನ ಕಪ್ಪು ಸಾಸರು ಹಾಗೇ ಇದ್ದವು. ಬೋರಲಾಗಿ, ಮೇಲೆ ಧೂಳು ಕೂತು. ಅಷ್ಟು ದಿನವೂ ಅವನ್ನು ಯಾರೂ ಮುಟ್ಟಿರಲಿಲ್ಲ. ಅಟೆಂಡರನ್ನು ಕೇಳಿದೆ. ಒಳಗೆ ತರಬೇಡ ಅಂತ ಹೇಳಿದಾರಮ್ಮ ಎಂದು ಅವನು ತಲೆ ಬಗ್ಗಿಸಿಕೊಂಡ. ಯಾರು ಹೇಳಿದರು ಎಂದು ನಾನು ಒತ್ತಾಯಿಸಲಿಲ್ಲ, ಅವನ ಹೊಟ್ಟೆಪಾಡು ಅವನಿಗೆ.

ಈಗ ನನ್ನ ಪ್ರಶ್ನೆ. ಕುಡಿದವರು ಕಪ್ಪು ತೊಳೆಯುವುದು ಯೂರೋಪಿನಲ್ಲಿ ಇಲ್ಲ ಎಂದಿರಿ, ಒಪ್ಪಿದೆ. ತೊಳೆದಿಟ್ಟ ಕಪ್ಪನ್ನು ಮುಟ್ಟದೆ ಕಿಟಕಿಯಲ್ಲೇ ಬಿಡುವುದು ಯೂರೋಪಿನಲ್ಲಿ ಉಂಟೇ? ಯಾವ ದೇಶದಲ್ಲಿ? ಫ್ರಾನ್ಸಿನಲ್ಲೋ, ಜರ್ಮನಿಯಲ್ಲೋ? ನಾನು ಮಾಡಿದ್ದು ಸಂಸ್ಕೃತಿಯ ಕೊರತೆಯಾದರೆ ನೀವು ಮಾಡಿದ್ದಕ್ಕೆ ಏನೆನ್ನೋಣ? ಸಂಸ್ಕೃತಿ ಎಂದರೆ ಜನ ಬದುಕುವ ರೀತಿ ಎಂದು ನಿಮ್ಮ ವಿಭಾಗದ ಪರಿಚಯ ಪತ್ರದಲ್ಲೇ ಅಚ್ಚಾಗಿದೆ. ಹಾಗಾದರೆ ಅಂದು ಆ ಕೊಠಡಿಯಿಂದ ಒಂದು ಸಂಸ್ಕೃತಿ ನಿಮ್ಮ ಕಣ್ಣೆದುರೇ ನಡೆದು ಹೋಗಿ ನಲ್ಲಿ ತಿರುಗಿಸಿತು. ನೀವು ಅದರ ಗುರುತು ಹಿಡಿದಿರಿ. ಗುರುತು ಹಿಡಿಯದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಪಾಪ, ತಿಳಿಯದವರು ಎಂದುಕೊಳ್ಳುತ್ತಿದ್ದೆ. ನಿಮಗೆ ನಮ್ಮೂರ ಗೂಡಿನ ಪರಿಚಯ ಚೆನ್ನಾಗಿಯೇ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀವು ನೆಲದ ಬದಲು ಯೂರೋಪಿನ ನೆಪ ಹೇಳಿದಿರಿ. ಅಲ್ಲಿಯವರು ಏಳು ಸಮುದ್ರದ ಆಚೆ ಇರುವವರು, ಬಂದು ನಾವು ಹಾಗೆ ಹೇಳಿಲ್ಲ ಎನ್ನಲಾರರು.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೇನೋ. ಸೀಟು ಹೋದರೆ ಇನ್ನೊಂದು ವರ್ಷ. ಸುಮ್ಮನಿರಲು ಆಗದಂತೆ ಮಾಡಿದ್ದು ನಮ್ಮ ಮನೆಯಲ್ಲಿ ನಡೆದದ್ದು. ಊರಿಗೆ ಬಂದು ಎಲ್ಲ ಹೇಳಿದೆ. ತಾಯಿ ನಿಮಗೆಲ್ಲ ತೆಲುಗಿನಲ್ಲಿ ಶಾಪ ಹಾಕಿದಳು, ಅದನ್ನು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಅಪ್ಪ ಬಿಸಿಲಲ್ಲಿ ಹಳಿಗೆ ಸುತ್ತಿಗೆ ಬೀಸಿ ಬೀಸಿ ಗಟ್ಟಿಯಾದ ಮನುಷ್ಯ, ಮೇಸ್ತ್ರಿಯ ಎದುರೂ ತಲೆ ತಗ್ಗಿಸಿದವರಲ್ಲ. ಊಟಕ್ಕೆ ಬಡಿಸಿದರೆ ತಟ್ಟೆ ದೂರ ತಳ್ಳಿ ನನ್ನ ಮುಖ ನೋಡದೆ ತೆಲುಗಿನಲ್ಲಿ ಹೇಳಿದರು, ನಮ್ಮೂರ ಕನ್ನಡದಲ್ಲಿ ಅದು ಹೀಗೆ.

“ನಿನ್ ತೆಪ್ಪಲ್ಲ ಕಣಮ್ಮ. ತೊಳ್ದಿಡು ಅಂತ ನಾನೇ ಹೇಳ್ಕೊಟ್ಟೆ. ನಿನ್ ಓದು ನಾನೇ ಹಾಳ್ ಮಾಡ್ಬುಟ್ಟೆ.”

ಮಗಳು ನಾಲ್ಕು ಜನರೆದುರು ಬೈಸಿಕೊಳ್ಳಬಾರದು, ಹೊಡೆಸಿಕೊಳ್ಳಬಾರದು ಎಂದು ಕಲಿಸಿದ ಅಪ್ಪ. ಅಂದಿನಿಂದ ಅವರು ಆ ಹೋಟೆಲಿನ ಕಡೆ ಹೋಗಿಲ್ಲ. ಬೇರೆ ಯಾವ ನೋವನ್ನಾದರೂ ನಾನು ನುಂಗಿಕೊಳ್ಳುತ್ತೇನೆ. ನೀವು ಮಾಡಿದ ತಪ್ಪನ್ನು ನಮ್ಮಪ್ಪ ತಮ್ಮ ತಲೆಯ ಮೇಲೆ ಹೊತ್ತುಕೊಂಡು ಓಡಾಡುವುದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಆದ್ದರಿಂದ ಕೇಳುತ್ತೇನೆ. ನನ್ನ ಅರ್ಜಿಯನ್ನು ಮತ್ತೆ ನೋಡಿ. ಸೀಟು ಕೊಡುವುದಿಲ್ಲ ಎಂದಾದರೆ ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆದು ರುಜು ಹಾಕಿ, ಅದರಲ್ಲಿ ಯೂರೋಪಿನ ಹೆಸರು ಎತ್ತಬೇಡಿ. ಯೂರೋಪು ನನಗೆ ಏನೂ ಅನ್ನಲಿಲ್ಲ. ಬರುವ ವರ್ಷ ಮತ್ತೆ ಪರೀಕ್ಷೆಗೆ ಕೂರುತ್ತೇನೆ, ಮತ್ತೆ ಮೊದಲು ಬರುತ್ತೇನೆ, ನಿಮ್ಮ ಕಾಫಿಗೂ ಬರುತ್ತೇನೆ. ಆಗ ಅಪ್ಪನನ್ನೂ ಕರೆತರುತ್ತೇನೆ. ಅವರನ್ನು ಮೇಜಿನ ಮುಂದೆ ಕೂರಿಸಿ ಅವರಿಗೂ ಒಂದು ಕಪ್ಪು ಕಾಫಿ ಕೊಡಿಸಿ. ಕುಡಿದ ಮೇಲೆ ಅವರು ಕಪ್ಪು ಕೈಯಲ್ಲಿ ಹಿಡಿದು ಏಳುತ್ತಾರೆ, ನನಗೆ ಗೊತ್ತು. ಆಗ ನೀವು ಒಂದು ಮಾತು ಹೇಳಬೇಕು, ಅಂದು ಆ ಕೊಠಡಿಯಲ್ಲಿ ನನಗೆ ಯಾರೂ ಹೇಳದೇ ಹೋದ ಮಾತು: “ಅಲ್ಲೇ ಇಡಿ ಕೋನಪ್ಪನವರೇ, ನಾವು ತೊಳ್ಕೋತೀವಿ.”

ಇಂತಿ,
ಭಾಷೆ ಬಂದು ಸಂಸ್ಕೃತಿ ಬಾರದವಳು,
ಲಕ್ಷ್ಮಿದೇವಮ್ಮ, ಬಿ.ಎ.
ರೈಲ್ವೆ ಕ್ವಾರ್ಟರ್ಸ್, ತೊಂಡೇಬಾವಿ
ಆಗಸ್ಟ್ ೧೯೬೪