ಹಂದಿ ಓಡಿಸುವ ಹಾಡು

ಪೂರಿಗಾಲಿ
ಭಾನುವಾರ

ಪ್ರೀತಂ,

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ನೀನು ನಮ್ಮ ಹಳೇ ಆಲೆಮನೆಯಲ್ಲಿ ಬಾಗಿಲು ಹಾಕಿಕೊಂಡು, ಗಿಟಾರು, ಡ್ರಮ್ಮು, ಕಿರುಚಾಟ ಎಲ್ಲವನ್ನೂ ಒಬ್ಬನೇ ರೆಕಾರ್ಡ್ ಮಾಡಿದೆಯಲ್ಲ, ಆ ಬ್ಲ್ಯಾಕ್ ಮೆಟಲ್ ಆಲ್ಬಂ ಕೊನೆಗೂ ಉಪಯೋಗಕ್ಕೆ ಬಂತು. ಮೂರು ವರ್ಷದಲ್ಲಿ ಇಂಟರ್ನೆಟ್ಟಿನಲ್ಲಿ ಅದನ್ನು ಕೇಳಿದವರು ಹದಿನಾಲ್ಕು ಜನ. ನಾನು ಪೆನ್‌ಡ್ರೈವಿಗೆ ಹಾಕಿ ಕಬ್ಬಿನ ಗದ್ದೆಯ ಸ್ಪೀಕರಿಗೆ ಚುಚ್ಚಿದೆ. ಕಾಡುಹಂದಿಗಳು ಬಿದ್ದೆನೋ ಸತ್ತೆನೋ ಎಂದು ಓಡಿದವು. ಈಗ ಅಕ್ಕಪಕ್ಕದ ಗದ್ದೆಗಳಲ್ಲೂ ನೀನೇ ಕಿರುಚುತ್ತೀಯ. "ನಿನ್ ತಮ್ಮ ಪಟಾಕಿಗಿಂತ ವಾಸಿ ಕಣ್ಲಾ ತೇಜು" ಎಂದು ಸಣ್ಣಯ್ಯಮಾವ ಹೊಗಳಿದ.

ಹಾಸಿಗೆ ಹಿಡಿದಿರುವ ಅವ್ವನಿಗೆ ಮಾತ್ರ ನಾನು ಹೇಳಿರಲಿಲ್ಲ. ಮೊದಲ ದಿನವೇ ಎದ್ದು ಕುಳಿತಳು. "ನಿನ್ ತಮ್ಮುನ್ನ ಯಾರೋ ಒಡೀತಾವ್ರೆ ಕಣ್ಲಾ, ಓಗಿ ಬುಡುಸ್ಕೊಂಡ್ ಬಾ" ಎಂದಳು. ನಾನು ಸೌಂಡು ಇಳಿಸಲಿಲ್ಲ. ಕಬ್ಬು ಉಳಿಯಬೇಕಲ್ಲ.

ಒಂದು ಉಪಕಾರ ಮಾಡು. ಇನ್ನೂ ಜೋರಾಗಿ ಕಿರುಚಿ ಹೊಸದೊಂದು ಕಳಿಸು. ಹಳೆಯದು ಹಂದಿಗಳಿಗೆ ಅಭ್ಯಾಸವಾಗಿಹೋಗಿದೆ, ಸ್ಪೀಕರಿನ ಬುಡದಲ್ಲೇ ನಿಂತು ಕಬ್ಬು ತಿನ್ನುತ್ತವೆ. ಈಗ ಅದಕ್ಕೆ ಬೆಚ್ಚಿಬೀಳುವವಳು ಅವ್ವ ಒಬ್ಬಳೇ.

ನಿನ್ನ ಅಣ್ಣ,
ತೇಜು