ಹಳ್ಳ ದಾಟಿಸಿದ ಜೀಪು

ಬುಧವಾರ, ೯ ಅಕ್ಟೋಬರ್ ೧೯೯೧
ಪಾಮನಕಲ್ಲೂರು

ಗಣಿತದಲ್ಲಿ ಕೊನೆಯ ಲೆಕ್ಕ ಬಿಟ್ಟುಬಂದೆ, ಅದೇ ಕೊರೆಯುತ್ತಿದೆ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಮತ್ತೆ ಎಸ್ಸೆಸ್ಸೆಲ್ಸಿಗೆ ಕೂತವಳು ನಾನು. ಪರೀಕ್ಷೆ ಲಿಂಗಸೂಗೂರಿನಲ್ಲಿ. ಬೆಳಿಗ್ಗೆ ನೋಡಿದರೆ ಹಳ್ಳ ತುಂಬಿ ಬಸ್ಸೇ ಇಲ್ಲ.

ಇವರು ತಾವು ಬಾಡಿಗೆಗೆ ಓಡಿಸುವ ಜೀಪು ತೆಗೆದರು. ಹಳ್ಳದ ದಂಡೆಯಲ್ಲಿ ನಿಲ್ಲಿಸಿ, ಮೊದಲು ತಾವೇ ಇಳಿದು ಆಳ ನೋಡಿ ಬಂದರು. ಆಮೇಲೆ ಫ್ಯಾನಿನ ಬೆಲ್ಟ್ ಬಿಚ್ಚಿದರು. ಫ್ಯಾನ್ ತಿರುಗಿದರೆ ಇಂಜಿನ್ ಮೇಲೆಲ್ಲ ನೀರು ಎರಚುತ್ತದಂತೆ. ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೆನೆದರೆ ಗಾಡಿ ನಿಂತೇಬಿಡುತ್ತದೆ, ಅದಕ್ಕೆ ಸುತ್ತಲು ಏನಾದರೂ ಬೇಕಿತ್ತು. ಹಾಲ್ ಟಿಕೆಟ್ ಇಟ್ಟಿದ್ದ ಪ್ಲಾಸ್ಟಿಕ್ ಚೀಲ ಕೊಟ್ಟೆ.

"ಟಿಕೆಟ್ ತೊಯ್ದರ?"

"ಕುಬಸದಾಗ ಇಟ್ಕೋತೀನ್ರಿ."

ನೀರು ನುಗ್ಗದಂತೆ ಮುಂದುಗಡೆ ತಾಡಪತ್ರಿ ಕಟ್ಟಿ ಮೆಲ್ಲಗೆ ನೀರಿಗಿಳಿಸಿದರು. ನಡುಹಳ್ಳದಲ್ಲಿ ಇಂಜಿನ್ ಕೆಮ್ಮಿತು. ನಾನು ಕಣ್ಣು ಮುಚ್ಚಿಕೊಂಡೆ.

"ಹೆದರಬ್ಯಾಡ ಗದ್ದೆಮ್ಮ, ದಂಡಿ ಬಂತು."

ಕಣ್ಣು ತೆರೆದರೆ ದಂಡೆ ಇನ್ನೂ ಎಷ್ಟೋ ದೂರವಿತ್ತು. ಸುಳ್ಳು ಹೇಳಿದವರು ಸ್ಟೇರಿಂಗಿಗೆ ಬಾಗಿ ಮುಂದಿನ ನೀರನ್ನೇ ನೋಡುತ್ತಿದ್ದರು.

ದಾಟಿದೆವು. ಐದು ನಿಮಿಷ ತಡವಾದರೂ ಒಳಗೆ ಬಿಟ್ಟರು.

ಮೂರು ತಾಸಿನ ನಂತರ ಹೊರಗೆ ಬಂದಾಗ ಇವರು ಜೀಪಿನ ಕೆಳಗೆ ಮಲಗಿ ಕೆಸರು ಕೆರೆಯುತ್ತಿದ್ದರು. ಹೇಗೆ ಬರೆದೆ ಎಂದು ಕೇಳಲಿಲ್ಲ.

"ಹಸಿದಿಯೇನು?" ಅಂದರು, ಅಷ್ಟೇ. ತಾವೂ ಉಂಡಿರಲಿಲ್ಲ.

ಜೀಪು ನನಗಿಂತ ಹೆಚ್ಚು ಇವರಿಗೆ ಎಂದು ಎಷ್ಟು ಸಲ ಸಿಟ್ಟಾಗಿದ್ದೇನೆ!

ಈಗ ಗಾಢ ನಿದ್ದೆಯಲ್ಲಿದ್ದಾರೆ. ಕಿವಿಯ ಹಿಂದೆ ಹಳ್ಳದ ಕೆಸರು ಒಣಗಿ ನಿಂತಿದೆ. ಸೆರಗಿನ ತುದಿ ನೆನೆಸಿಕೊಂಡಿದ್ದೇನೆ, ಒರೆಸಿದರೆ ಎಚ್ಚರವಾದೀತೇನೋ.