ಒಂದೇ ಟೇಪು

ಮ್ಯಾನಿಂಗ್‌ಹ್ಯಾಮ್, ಬ್ರಾಡ್‌ಫರ್ಡ್
18 ಮಾರ್ಚ್ 2025

ಪ್ರೀತಿಯ ಉಬೈದ್ ಭಾಯ್ಜಾನ್‌ಗೆ, ತಂಗಿ ಸಿದ್ರಾಳ ಸಲಾಮು.

ಹೇಗಿದ್ದೀಯಾ? ಕೆಮ್ಮು ನಿಂತಿತಾ? ಗ್ಲಾಸ್ಗೋದ ಚಳಿಯಲ್ಲಿ ಒಂದೇ ಜಾಕೆಟ್ ಹಾಕಿಕೊಂಡು ತಿರುಗುತ್ತೀಯೆಂದು ಅಮ್ಮಿ ದಿನಾ ಗೊಣಗುತ್ತಾಳೆ. ಉಪವಾಸ ಇದ್ದೀಯಾ ಅಂತ ಕೇಳು ಅಂದಿದ್ದಳು, ನಾನು ಕೇಳುವುದಿಲ್ಲ. ನಂಬರ್ ಬದಲಿಸಿದವನು ನಮಗೆ ಕೊಡಲಿಲ್ಲ, ಅದಕ್ಕೇ ಈ ಅಂಚೆ.

ಎರಡು ವರ್ಷದ ಹಿಂದೆ ನೀನು ಊಟಕ್ಕೆ ಕೂತಾಗ ಕುರಾನಿನಲ್ಲಿ ವಿಜ್ಞಾನದ ತಪ್ಪುಗಳಿವೆ ಎಂದು ಪಟ್ಟಿ ಓದಿದೆ, ಅಬ್ಬೂ ಮನೆ ಬಿಡು ಅಂದರು. ಈ ಈದ್‌ಗೆ ನಿನ್ನನ್ನು ಕರೆಸೋಣ ಎಂದವರೂ ಅವರೇ. "ಅವ್ನು ಬೆಳೆದಿದಾನೆ, ನಾನೂ ಒಂಚೂರು ಬೆಳೀತೀನಿ" ಅಂದರು. ಮೊಣಕಾಲು ನೋವಿದ್ದರೂ ನಿನ್ನ ಕೋಣೆಗೆ ತಾವೇ ಹೊಸ ಕಾರ್ಪೆಟ್ ಹಾಸಿದರು. ಹಾಸುತ್ತಾ ತಮ್ಮ ಕಸುಬಿನ ಅದೇ ಹಳೇ ಪಾಠ: "ಅಳತೆ ಟೇಪು ಒಂದೇ ಇರ್ಬೇಕಮ್ಮ. ಕೋಣೆಗೊಂದು, ಕಾರ್ಪೆಟ್ಟಿಗೊಂದು ಇಟ್ಕೊಂಡ್ರೆ ಗಿರಾಕಿ ಮುಂದೆ ಮರ್ಯಾದೆ ಹೋಗುತ್ತೆ." ನಂಬರ್ ಬದಲಿಸುವ ಮುನ್ನ ನೀನು ನಮ್ಮ ಫೋನಿನ ಚರ್ಚೆಯ ಗುಂಪಿಗೆ ಮೊದಲ ನಿಯಮ ಮಾಡಿದ್ದು ಅದನ್ನೇ ಅಲ್ಲವಾ? ತಪ್ಪು ಹುಡುಕುವವನಿಗೂ ಪವಾಡ ಹುಡುಕುವವನಿಗೂ ಒಂದೇ ಟೇಪು. ನಿನ್ನ ಒಂಬತ್ತೂ ನಿಯಮ ನನಗೆ ಬಾಯಿಪಾಠ. ಗುಂಪಿನಲ್ಲಿ ನಿನ್ನಂಥವರು ಇನ್ನೊಬ್ಬರಿಲ್ಲ, ಆಣೆಗೂ.

ಹೋದ ಭಾನುವಾರ ಮಸೀದಿಯ ಹಾಲ್‌ನಲ್ಲಿ ಅಬ್ಬೂ ಪಾಠವಿತ್ತು. ಹಾಲ್‌ನಲ್ಲಿದ್ದವರೂ ದೂರದಿಂದ ನೆಟ್‌ನಲ್ಲಿ ನೋಡುವವರೂ ಹೆಸರು ಹಾಕದೆ ಫೋನಿನಿಂದ ಪ್ರಶ್ನೆ ಕಳಿಸಿದರೆ ಪರದೆಯ ಮೇಲೆ ಬರುತ್ತದೆ, ಹೊಸ ಏರ್ಪಾಡು. ಸೂರ್ಯ ಕೆಸರಿನ ಬುಗ್ಗೆಯಲ್ಲಿ ಮುಳುಗುವುದನ್ನು ಒಬ್ಬ ಪ್ರಯಾಣಿಕ ಕಂಡನೆಂದು ಕುರಾನಿನಲ್ಲಿದೆ, ಅದು ತಪ್ಪಲ್ಲವೇ ಎಂದು ಯಾರೋ ಕೇಳಿದರು. "ಪ್ರಯಾಣಿಕನ ಕಣ್ಣಿಗೆ ಕಂಡಿದ್ದು ಅದು. ನೀವೂ ಬೀಚಲ್ಲಿ ನಿಂತು ಸೂರ್ಯ ನೀರಿಗಿಳಿದ ಅಂತೀರಲ್ಲ, ಯಾರಾದ್ರೂ ಜೈಲಿಗೆ ಹಾಕಿದ್ರಾ?" ಎಂದರು. ಚೆನ್ನಾಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಬ್ಬಿಣವನ್ನು ಇಳಿಸಿದೆವು ಎಂದು ದೇವರು ಹೇಳುವ ಕುರಾನಿನ ಮಾತು ಎತ್ತಿಕೊಂಡು, ಕಬ್ಬಿಣ ನಕ್ಷತ್ರಗಳಿಂದ ಬಂದದ್ದೆಂದು ವಿಜ್ಞಾನಿಗಳಿಗೆ ಈಗ ಗೊತ್ತಾಗಿದೆ, ನಮಗೆ ಆಗಲೇ ಗೊತ್ತಿತ್ತು ಎಂದರು.

ಆಗ ಪರದೆಯ ಮೇಲೆ ಬಂತು: "ದನಕರುಗಳನ್ನೂ ಇಳಿಸಿದೆವು ಅಂತ ಅದೇ ಗ್ರಂಥದಲ್ಲಿದೆ. ಅವೂ ನಕ್ಷತ್ರದಿಂದ ಬಂದ್ವಾ ಮಾಸ್ಟ್ರೇ? ಸೂರ್ಯನಿಗೆ ಕಣ್ಣಿನ ಟೇಪು, ಕಬ್ಬಿಣಕ್ಕೆ ಪ್ರಯೋಗಶಾಲೆ ಟೇಪು. ನಡುವೆ ಬದಲಾಯಿಸಿದ್ದು ಯಾರು?"

ಹಾಲಿಗೆ ಹಾಲೇ ನಕ್ಕಿತು. ಅಬ್ಬೂ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಹಿಂದಿನಿಂದ ಯಾರೋ "ಅಂಬಾ" ಅಂದರು. ಕಮಿಟಿಯ ತನ್ವೀರ್ ಅಂಕಲ್ ಮೈಕು ಇಸಿದುಕೊಂಡು, "ರಫಾಖತ್ ಭಾಯ್, ದಣಿದಿದ್ದೀರಿ, ಮುಂದಿನ ವಾರದಿಂದ ಬೇರೆಯವ್ರು ನೋಡ್ಕೋತಾರೆ" ಎಂದರು. ಹದಿನಾರು ವರ್ಷದ ಪಾಠ, ಅಷ್ಟಕ್ಕೆ ಮುಗಿಯಿತು. ಆ ತುಣುಕು ಗುಂಪಿನಲ್ಲಿ ನಾಲ್ಕು ಸಾವಿರ ಜನಕ್ಕೆ ಮುಟ್ಟಿದೆ. ಟೇಪಿನ ಮಾತೆಂದರೆ ನೀನೇ ಎಂದು ಎಲ್ಲರೂ ನಿನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಯುತ್ತಿದ್ದಾರೆ.

ಮನೆಗೆ ಬಂದವರು ನೀರೂ ಕುಡಿಯಲಿಲ್ಲ, ಇಫ್ತಾರ್ ದಾಟಿತ್ತು. "ನನ್ನ ಟೇಪಿನ ಮಾತನ್ನ ಗ್ರಂಥಕ್ಕೆ ಹಚ್ಚೋನು ಅವ್ನೊಬ್ಬನೇ. ದೂರದಲ್ಲಿ ಕೂತು ನನ್ನ ಟೇಪಲ್ಲೇ ನನ್ನ ಕುತ್ತಿಗೆ ಬಿಗಿದ" ಎಂದರು. ಅಮ್ಮಿ ಅತ್ತಳು. ಈದ್‌ಗೆ ನೀನು ಬರುವುದು ಬೇಡವಂತೆ. ಮುಂದೆಯೂ ಬೇಡವಂತೆ. ನಿನ್ನ ಕೋಣೆಯ ಕಾರ್ಪೆಟ್ ಕಿತ್ತು ಸುತ್ತಿ ಗ್ಯಾರೇಜಿನಲ್ಲಿ ನಿಲ್ಲಿಸಿದ್ದಾರೆ.

ಬೆಚ್ಚಗಿರು. ಅಮ್ಮಿ ದುವಾ ಹೇಳಿದ್ದಾಳೆ, ಅಬ್ಬೂಗೆ ಕೇಳಿಸದ ಹಾಗೆ.

ನಿನ್ನ ಸಿದ್ರಾ

ಮರೆತಿದ್ದೆ: ಆ ಪ್ರಶ್ನೆ ಕಳಿಸಿದ್ದು ನಾನು, ಮೇಲೆ ಹೆಂಗಸರ ಸಾಲಿನಲ್ಲಿ ಕೂತು. ನಿನ್ನ ನಿಯಮ ಎಷ್ಟು ಚೆನ್ನಾಗಿ ಕಲಿತಿದ್ದೇನೆಂದು ನಿನಗೆ ತೋರಿಸಬೇಕಿತ್ತು. "ಇದು ಅವ್ನ ಕೈನೇ ಅಲ್ವಾ?" ಎಂದು ಅಬ್ಬೂ ಕೇಳಿದಾಗ ಹೂಂ ಅಂದೆ. ಈಗ ನಾನಲ್ಲ ಎಂದು ನೀನು ಹೇಳಿದರೂ ಯಾರೂ ನಂಬುವುದಿಲ್ಲ, ಹೇಳಬೇಡ. ಈ ಭಾನುವಾರದಿಂದ ಹುಡುಗಿಯರ ಪಾಠವನ್ನು ಕಮಿಟಿಯವರು ನನಗೆ ಕೊಟ್ಟಿದ್ದಾರೆ, ಅಬ್ಬೂ ಟಿಪ್ಪಣಿಯ ಪುಸ್ತಕವೂ ನನ್ನ ಹತ್ತಿರವೇ ಇದೆ. ಕಬ್ಬಿಣದ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: "ಈ ವಾದ ನಿಲ್ಲುತ್ತಾ? ಈದ್‌ಗೆ ಉಬೈದ್ ಬಂದಾಗ ಕೇಳಬೇಕು." ನಿಲ್ಲುತ್ತಾ ಭಾಯ್ಜಾನ್? ಭಾನುವಾರದೊಳಗೆ ಬರೆದು ಕಳಿಸು.